ಹದಿನೆಂಟು ತುಂಬಿದ ಮಗಳಿಗೆ ಮೊದಲ ಕಾರು: ಉಜ್ಜಿದರೂ ಹೊಟ್ಟೆ ಉರಿಯದ ಹಳೆಯ ಆಲ್ಟೋ ಸಾಕೇ?

ಕತ್ರಿಗುಪ್ಪೆ ವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಕಳೆದ ತಿಂಗಳು ಹದಿನೆಂಟು ತುಂಬಿತು. ಎಲ್‌ಎಲ್‌ಆರ್ ಕೈಗೆ ಬಂದಿದೆ, ಡ್ರೈವಿಂಗ್ ಸ್ಕೂಲಿನ ತರಗತಿಗಳು ಮುಗಿಯುತ್ತ ಬಂದಿವೆ, ಇನ್ನೊಂದು ತಿಂಗಳಲ್ಲಿ ಡಿಎಲ್ ಪರೀಕ್ಷೆಗೆ ಹೋಗಲಿದ್ದಾಳೆ. ಕಾಲೇಜು ಕೆಂಗೇರಿಯಿಂದ ಒಳಗೆ ಏಳು ಕಿಲೋಮೀಟರ್ ದೂರದಲ್ಲಿದೆ. ಅವಳಿಗೆಂದು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಯಾವ ಕಾರು ಎಂಬಲ್ಲಿ ಮಾತ್ರ ಮನೆ ಎರಡು ಹೋಳಾಗಿದೆ.

ನನ್ನ ಭಾವಮೈದುನನ ಬಳಿ 2013ರ ಆಲ್ಟೋ 800 ಇದೆ. ಒಂದೂಕಾಲು ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಾನೆ. "ಹೊಸದಾಗಿ ಓಡಿಸುವವರು ನಾಲ್ಕೂ ಕಡೆ ಉಜ್ಜಿಕೊಂಡೇ ಬರುತ್ತಾರೆ ಭಾವ, ಉಜ್ಜಿದರೂ ಹೊಟ್ಟೆ ಉರಿಯದಂಥ ಕಾರು ಕೊಡಿಸಿ, ಎರಡು ವರ್ಷ ಕಳೆದ ಮೇಲೆ ಒಳ್ಳೆಯದನ್ನು ನೋಡಿದರಾಯಿತು" ಎಂಬುದು ಅವನ ವಾದ. ನನ್ನ ಹೆಂಡತಿ ಆ ಕಾರಿನ ಸ್ಟಿಯರಿಂಗ್ ಮೇಲೆ ಬೆರಳಿಟ್ಟು "ಇದರೊಳಗೆ ಏರ್‌ಬ್ಯಾಗ್ ಎಲ್ಲಿದೆ, ತೋರಿಸು" ಎಂದು ತಮ್ಮನನ್ನೇ ಕೇಳಿದಳು. ಇಲ್ಲ. ನಾನು ನಾಲ್ಕೂವರೆ ಲಕ್ಷದವರೆಗೆ ಹೊಂದಿಸಬಲ್ಲೆ. ದಿನಕ್ಕೆ ಹೋಗಿಬರಲು ಸುಮಾರು ನಲವತ್ತು ಕಿಲೋಮೀಟರ್ ಆಗುತ್ತದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಬಸವೇಶ್ವರನಗರದವನು

ನಿಮ್ಮ ಭಾವಮೈದುನ ಹೇಳುವುದೇ ಸರಿ. ನಾನು ಕಲಿತದ್ದು ಅಪ್ಪನ ಮಾರುತಿ 800ರಲ್ಲಿ. ಅದರ ಎಡಬದಿಯ ಬಾಗಿಲಿನಲ್ಲಿ ನಮ್ಮ ಬೀದಿಯ ಪ್ರತಿಯೊಂದು ಗೇಟಿನ ಬಣ್ಣವೂ ಸ್ವಲ್ಪ ಸ್ವಲ್ಪ ಇತ್ತು. ಚಿಕ್ಕ ಕಾರು, ಹಗುರವಾದ ಕ್ಲಚ್, ಎಲ್ಲಿ ಬೇಕಾದರೂ ತೂರಿಸಬಹುದು, ಸ್ಪೇರ್ ಪಾರ್ಟ್ಸ್ ಜೆ.ಸಿ. ರಸ್ತೆಯಲ್ಲಿ ಕಣ್ಣು ಮುಚ್ಚಿಕೊಂಡು ಹೋದರೂ ಸಿಗುತ್ತವೆ. ಹದಿನೆಂಟರ ಮಗುವಿಗೆ ನಾಲ್ಕೂವರೆ ಲಕ್ಷದ ಕಾರು ಏಕೆ?

ಬ್ರೇಕ್ ಮೊದಲು

ಬಸವೇಶ್ವರನಗರದವರೇ, ಗೇಟಿಗೆ ಉಜ್ಜುವುದಕ್ಕೂ ಲಾರಿಗೆ ಗುದ್ದುವುದಕ್ಕೂ ವ್ಯತ್ಯಾಸವಿದೆ. ಒಂದರಲ್ಲಿ ಬಣ್ಣ ಹೋಗುತ್ತದೆ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಫಲಿತಾಂಶ ಪ್ರಕಟಿಸಿತು. ಆಲ್ಟೋ 800, ನ್ಯಾನೋ, ಐ10, ಫಿಗೊ, ಪೋಲೋ. ಏರ್‌ಬ್ಯಾಗ್ ಇಲ್ಲದ ಈ ಎಲ್ಲ ಕಾರುಗಳಿಗೂ ಸುರಕ್ಷತೆಗೆಂದು ಕೊಡುವ ಐದು ನಕ್ಷತ್ರಗಳಲ್ಲಿ ಬಂದದ್ದು ಸೊನ್ನೆ. ಆದರೆ ಅದರಲ್ಲಿ ಗಮನಿಸಬೇಕಾದದ್ದು ಬೇರೆಯದೇ ಇದೆ. ಫಿಗೊ ಮತ್ತು ಪೋಲೋಗಳ ಒಡಲು ಆ ಹೊಡೆತಕ್ಕೆ ಗಟ್ಟಿಯಾಗಿ ನಿಂತಿತ್ತು, ಉಳಿದ ಮೂರರ ಒಡಲು ಸಾಲದು ಎಂದು ವರದಿ ಹೇಳಿತು. ಆದ್ದರಿಂದಲೇ ಎರಡು ಏರ್‌ಬ್ಯಾಗ್ ಇರುವ ಪೋಲೋವನ್ನು ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂತು. ಒಡಲೇ ಮಡಚಿಕೊಳ್ಳುವ ಕಾರಿಗೆ ಏರ್‌ಬ್ಯಾಗ್ ಹಾಕಿದರೂ ಅಷ್ಟು ಪ್ರಯೋಜನವಾಗುವುದಿಲ್ಲ.

ಕತ್ರಿಗುಪ್ಪೆಯಿಂದ ನಾಯಂಡಹಳ್ಳಿಯವರೆಗೆ ನಿಮ್ಮ ಮಗಳು ಆಮೆಯಂತೆ ಹೋಗುತ್ತಾಳೆ, ಒಪ್ಪಿದೆ. ಅಲ್ಲಿಂದ ಮುಂದೆ ಮೈಸೂರು ರಸ್ತೆ ಖಾಲಿ ಸಿಕ್ಕ ಬೆಳಗ್ಗೆ ಅರವತ್ತು ಮುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು? ಅಕ್ಕಪಕ್ಕದಲ್ಲಿ ಕೆಎಸ್‌ಆರ್‌ಟಿಸಿ ಬಸ್ಸು, ಜಲ್ಲಿ ಲಾರಿ.

ನಮ್ಮ ಮೆಟ್ರೋ ಪಾಸು

ಕೇಳಿದ ಪ್ರಶ್ನೆ ಇದಲ್ಲ, ಆದರೂ ಹೇಳಿಬಿಡುತ್ತೇನೆ. ನಾಯಂಡಹಳ್ಳಿಯಿಂದ ಕೆಂಗೇರಿಗೆ ನೇರಳೆ ಮಾರ್ಗ 2021ರಲ್ಲೇ ಬಂದಿದೆ. ಅತ್ಯಂತ ಸುರಕ್ಷಿತವಾದ ಮೊದಲ ಕಾರಿನಲ್ಲಿ ಆರು ಬೋಗಿಗಳಿರುತ್ತವೆ.

ಕತ್ರಿಗುಪ್ಪೆ ವಾಸಿ

ಮೆಟ್ರೋ ಪಾಸಿನವರೇ, ಈಗ ಅವಳು ಹೋಗುತ್ತಿರುವುದು ಹಾಗೆಯೇ. ಕೆಂಗೇರಿಯ ನಂತರದ ಏಳು ಕಿಲೋಮೀಟರೇ ತೊಂದರೆ. ಕಾಲೇಜು ಬಸ್ಸು ನಾಲ್ಕೂವರೆಗೆ ಹೊರಟುಬಿಡುತ್ತದೆ, ಲ್ಯಾಬ್ ಇರುವ ದಿನ ಏಳು ಗಂಟೆಗೆ ಆಟೋದವರು ಕೇಳಿದಷ್ಟು ಕೊಡಬೇಕು, ಕೊಟ್ಟರೂ ಮಳೆ ಬಂದರೆ ಯಾರೂ ಬರುವುದಿಲ್ಲ. ವಾರದಲ್ಲಿ ಮೂರು ದಿನ ಕಾರು, ಉಳಿದ ದಿನ ಮೆಟ್ರೋ ಎಂಬುದೇ ನಮ್ಮ ಯೋಜನೆ.

ಗೌಡರ ಮನೆ

ಇಷ್ಟೆಲ್ಲ ಯೋಚನೆ ಏಕೆಂದೇ ಅರ್ಥವಾಗುತ್ತಿಲ್ಲ. ನನ್ನ ಮಗ ಹದಿನಾರಕ್ಕೇ ನಮ್ಮ ಸ್ಕಾರ್ಪಿಯೋ ಓಡಿಸುತ್ತಿದ್ದ. ದೊಡ್ಡ ಗಾಡಿ ಕೊಡಿಸಿ, ಎದುರಿನವರೇ ದಾರಿ ಬಿಡುತ್ತಾರೆ.

ಬ್ರೇಕ್ ಮೊದಲು

ಗೌಡರೇ, ಅದನ್ನು ಇಲ್ಲಿ ಬರೆದದ್ದಾಯಿತು, ಇನ್ನೆಲ್ಲಿಯೂ ಬರೆಯಬೇಡಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಸಿನವರು ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಇಲ್ಲ. ಎದುರಿನವರು ದಾರಿ ಬಿಡುತ್ತಾರೆ ಎಂದು ಕಲಿತ ಮಗು ತಾನು ಯಾರಿಗೂ ದಾರಿ ಬಿಡುವುದನ್ನು ಕಲಿಯುವುದೇ ಇಲ್ಲ.

ಗೌಡರ ಮನೆ

ಅದು 2011ರ ಮಾತು ಸ್ವಾಮಿ. ಆಗ ಕಾಯ್ದೆ ಹೀಗಿರಲಿಲ್ಲ.

ಎಂಟನೇ ಮೈಲಿ

2017ರ ನಂತರದ ಯಾವ ಕಾರನ್ನು ಕೊಂಡರೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಎಲ್ಲವೂ ಸರ್ಕಾರದ ನಿಯಮದಂತೆ ಇದ್ದೇ ಇರುತ್ತವೆ. ಚಿಂತಿಸಬೇಡಿ.

ವಿಮೆ ಲೆಕ್ಕ

ಎಂಟನೇ ಮೈಲಿಯವರ ಮಾತನ್ನು ನಂಬಿ ಯಾರೂ ಮುಂಗಡ ಕೊಡಬೇಡಿ. 2017ರ ಅಕ್ಟೋಬರಿನಲ್ಲಿ ಬಂದದ್ದು ಹೊಸ ಮಾದರಿಗಳಿಗೆ ಮಾತ್ರ ಅನ್ವಯಿಸುವ ಗುದ್ದು ಪರೀಕ್ಷೆಯ ನಿಯಮ. ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಸದ್ದು, ಹಿಂದಿನ ಪಾರ್ಕಿಂಗ್ ಸೆನ್ಸರ್ ಇವು 2019ರ ಜುಲೈ 1ರಿಂದ. ಎಡಗಡೆ ಕುಳಿತವರ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಬಂದದ್ದು 2022ರ ಜನವರಿಯಿಂದ. ಅಂದರೆ ನಾಲ್ಕೂವರೆ ಲಕ್ಷಕ್ಕೆ ಸಿಗುವ 2016ರಿಂದ 2019ರವರೆಗಿನ ಕಾರುಗಳಲ್ಲಿ ಒಂದೇ ಹೆಸರಿನ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದರೂ ಒಂದರಲ್ಲಿ ಎರಡು ಏರ್‌ಬ್ಯಾಗ್, ಇನ್ನೊಂದರಲ್ಲಿ ಒಂದೂ ಇಲ್ಲದಿರಬಹುದು. ಕೊಳ್ಳುವಾಗ ಹೆಸರನ್ನು ಕೇಳುವುದರ ಜೊತೆಗೆ ವೇರಿಯಂಟ್ (ಅದೇ ಕಾರಿನ ದರ್ಜೆ) ಯಾವುದು ಎಂದು ಆರ್‌ಸಿ ನೋಡಿ ಖಚಿತಪಡಿಸಿಕೊಳ್ಳಬೇಕು.

ನಕ್ಷತ್ರಗಳಿಗೂ ಇದೇ ಮಾತು. ಟಿಯಾಗೊಗೆ 2020ರಲ್ಲಿ ನಾಲ್ಕು ಬಂತು, ಆದರೆ ಅದು ಎರಡು ಏರ್‌ಬ್ಯಾಗ್ ಇರುವ ಕಾರಿಗೆ ಬಂದದ್ದು. ಎಟಿಯೋಸ್ ಲಿವಾ 2016ರಲ್ಲಿ ನಾಲ್ಕು ಪಡೆಯಿತು. 2018ರ ಸ್ವಿಫ್ಟ್‌ಗೆ ಎರಡು ಏರ್‌ಬ್ಯಾಗ್ ಇದ್ದೂ ಎರಡೇ ನಕ್ಷತ್ರ. ಹಾಗೆಯೇ 2022ರ ಜುಲೈಯಲ್ಲಿ ಪರೀಕ್ಷೆಯ ನಿಯಮ ಬಿಗಿಯಾಯಿತು, ಪಕ್ಕದಿಂದ ಗುದ್ದುವುದೂ ಸೇರಿತು. ಆದ್ದರಿಂದ ಹಿಂದಿನ ನಾಲ್ಕನ್ನು ಈಗಿನ ನಾಲ್ಕರ ಪಕ್ಕದಲ್ಲಿಟ್ಟು ತೂಗಬಾರದು. ನಮ್ಮ ದೇಶದ್ದೇ ಆದ ಗುದ್ದು ಪರೀಕ್ಷೆ ಭಾರತ್ ಎನ್‌ಕ್ಯಾಪ್ ಶುರುವಾದದ್ದೇ 2023ರ ಅಕ್ಟೋಬರಿನಲ್ಲಿ, ಆ ಕಾರುಗಳು ಈ ಬಜೆಟ್ಟಿಗೆ ಎಟುಕುವುದಿಲ್ಲ.

ಸ್ಪ್ಯಾನರ್ ಹಿಡಿದವನು

ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಮೇಲಿನವರೆಲ್ಲ ಕಾರು ಹೊಸದಾಗಿದ್ದಾಗ ಹೇಗಿತ್ತು ಎಂದು ಹೇಳಿದರು. ನೀವು ಕೊಳ್ಳುತ್ತಿರುವುದು ಆ ಕಾರನ್ನಲ್ಲ. ಅದನ್ನು ಏಳೆಂಟು ವರ್ಷ ಯಾರೋ ಓಡಿಸಿ, ಎಲ್ಲೋ ಗುದ್ದಿಸಿ, ಎಲ್ಲೋ ಟಿಂಕರಿಂಗ್ ಮಾಡಿಸಿ ಉಳಿಸಿದ್ದನ್ನು.

ನಾಲ್ಕು ನಕ್ಷತ್ರದ ಕಾರು ಒಮ್ಮೆ ಜೋರಾಗಿ ಗುದ್ದಿ ಏರ್‌ಬ್ಯಾಗ್ ತೆರೆದುಕೊಂಡಿತು ಎಂದಿಟ್ಟುಕೊಳ್ಳಿ. ಹೊಸ ಏರ್‌ಬ್ಯಾಗ್ ದುಬಾರಿ. ಕೆಲವರು ಸ್ಟಿಯರಿಂಗ್ ಮುಚ್ಚಳ ಮಾತ್ರ ಹೊಸದು ಹಾಕಿ, ಒಳಗೆ ಏನೂ ಇಲ್ಲದೆ, ದೀಪ ಉರಿಯದಂತೆ ವೈರ್ ತಿರುಗಿಸಿ ಮಾರಿಬಿಡುತ್ತಾರೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಉರಿದು ಆರಬೇಕು. ಆರದಿದ್ದರೆ ದೋಷವಿದೆ, ಉರಿಯದೇ ಇದ್ದರೆ ಯಾರೋ ಕೈಯಾಡಿಸಿದ್ದಾರೆ, ಪಕ್ಕದ ಬೇರೆ ದೀಪದ ಜೊತೆಗೇ ತಾಳ ಹಾಕಿದಂತೆ ಆರಿದರೆ ಅದೂ ಅನುಮಾನವೇ. ಕಾರಿನ ಕಂಪ್ಯೂಟರಿನಲ್ಲಿರುವ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸದೆ ಹಣ ಕೊಡಬೇಡಿ.

ಬಾನೆಟ್ ಎತ್ತಿ, ಹಿಂಜಿನ ಬೋಲ್ಟುಗಳನ್ನು ನೋಡಿ. ಸ್ಪ್ಯಾನರ್ ತಾಗಿ ಬಣ್ಣ ಕಿತ್ತಿದ್ದರೆ ಬಾನೆಟ್ ಬಿಚ್ಚಿದ್ದಾರೆ. ಬಾಗಿಲಿನ ರಬ್ಬರ್ ಬೀಡಿಂಗನ್ನು ಒಂದು ಗೇಣು ಕೀಳಿ. ಕೆಳಗೆ ಕಾರ್ಖಾನೆಯ ವೆಲ್ಡಿಂಗ್ ಗುಂಡಗೆ ಬೊಟ್ಟು ಇಟ್ಟ ಹಾಗೆ ಒಂದೇ ಅಂತರದಲ್ಲಿ ಸಾಲಾಗಿರುತ್ತದೆ. ಅಲ್ಲಿ ಪಟ್ಟಿ ಬಡಿದು ಲಪ್ಪ (ತಗ್ಗು ತುಂಬುವ ಪೇಸ್ಟು) ಮೆತ್ತಿದ್ದರೆ ಬಾಗಿಲಿನ ಆ ಕಂಬ ಒಮ್ಮೆ ಮಡಚಿದೆ ಎಂದರ್ಥ, ಬೆಲೆ ಎಷ್ಟೇ ಇಳಿಸಿದರೂ ಎದ್ದು ಬನ್ನಿ. ಬಾಗಿಲಿನ ಕೆಳಗಿನ ಅಥವಾ ಬಂಪರಿನ ಗೀರುಗಳಿಗೆ ಹೆದರಬೇಡಿ, ಬೆಂಗಳೂರಿನಲ್ಲಿ ಗೀರಿಲ್ಲದ ಕಾರಿನ ಮೇಲೆಯೇ ನನಗೆ ಅನುಮಾನ ಹೆಚ್ಚು.

ಮಾರುವವರಿಗೆ "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ತಣ್ಣಗಿದ್ದಾಗ ಮಾಡುವ ಸದ್ದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ತಟ್ಟನೆ ನಿಲ್ಲಬೇಕು. ಎಳೆದಾಡುತ್ತ ತಿರುಗುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ, ನಮ್ಮ ಟ್ರಾಫಿಕ್ಕಿನಲ್ಲಿ ಅದು ಸಹಜ, ಅದರ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಮೀಟರ್ ಮೂವತ್ತು ಸಾವಿರ ತೋರಿಸುತ್ತಿದ್ದು ಪೆಡಲ್ಲಿನ ರಬ್ಬರ್ ನುಣುಪಾಗಿದ್ದರೆ ಮೀಟರನ್ನು ನಂಬಬೇಡಿ, ರಬ್ಬರನ್ನು ನಂಬಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಗೆರೆ ಎಷ್ಟೇ ಆಳವಿದ್ದರೂ ಗಡುಸಾದ ಹಳೆಯ ಟೈರು ಮಳೆಯಲ್ಲಿ ಹಿಡಿಯುವುದಿಲ್ಲ. ಕಾರಿನ ಜೊತೆಗೇ ನಾಲ್ಕು ಟೈರಿನ ಹಣವನ್ನೂ ಎತ್ತಿಡುವುದು ಒಳ್ಳೆಯದು.

ಎಚ್‌ಎಸ್‌ಆರ್ ಏಳನೇ ಸೆಕ್ಟರ್

ಮೆಕಾನಿಕ್ ಅಣ್ಣ ಒಂದನ್ನು ಬಿಟ್ಟರು: ನೀರು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ನೆಲಮಾಳಿಗೆಯಲ್ಲಿ ನಿಂತಿದ್ದ ಕಾರುಗಳು ಎಷ್ಟೋ. ವಿಮಾ ಕಂಪನಿಗಳು ಪೂರ್ತಿ ನಷ್ಟವೆಂದು ಬರೆದವುಗಳು ಹರಾಜಿಗೆ ಹೋಗುತ್ತವೆ, ಹರಾಜಿನಲ್ಲಿ ಕೊಂಡವರು ತೊಳೆದು ಒಣಗಿಸಿ ಮತ್ತೆ ಮಾರುತ್ತಾರೆ.

ನಾನು ಮರುವರ್ಷ ಅಂಥದ್ದೊಂದನ್ನು ಕೊಂಡೆ. ಒಳಗೆ ಮಲ್ಲಿಗೆಯ ಸುಗಂಧ ಘಮ್ಮೆನ್ನುತ್ತಿತ್ತು, ಶುಚಿಯಾದ ಮನುಷ್ಯನ ಕಾರು ಎಂದುಕೊಂಡೆ. ಮೂರು ತಿಂಗಳಲ್ಲಿ ಪವರ್ ವಿಂಡೋ ತಾನಾಗಿಯೇ ಇಳಿಯತೊಡಗಿತು, ಆಮೇಲೆ ಮೇಲ್ಸೇತುವೆಯ ಮೇಲೆ ಎಂಜಿನ್ನೇ ಆರಿಹೋಯಿತು. ಕಾರಣ ಹುಡುಕುತ್ತ ಗ್ಯಾರೇಜಿನ ಹುಡುಗ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದ. ಮೇಲಿನ ಎರಡು ಅಡಿ ಕಪ್ಪಗೆ ಹೊಳೆಯುತ್ತಿತ್ತು, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಮ್ಮಣ್ಣಿನ ಗೆರೆ, ಟೀ ಲೋಟದ ಅಂಚಿನ ಹಾಗೆ. ಕಾರನ್ನು ಎಲ್ಲಿ ತೊಳೆದರೂ ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ. ಸೀಟಿನ ಕೆಳಗಿನ ಹಳಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ ಇವೆರಡನ್ನೂ ನೋಡಿ. ತುಕ್ಕು ಅಥವಾ ಒಣಗಿದ ಕೆಸರು ಇದ್ದರೆ ಮಾತು ಮುಗಿಯಿತು.

ಬಸವೇಶ್ವರನಗರದವನು

ಸೀಟ್ ಬೆಲ್ಟ್ ಎಳೆದು ನೋಡುವ ಉಪಾಯ ನನಗೂ ಗೊತ್ತಿರಲಿಲ್ಲ. ಈಗಷ್ಟೇ ಕೆಳಗಿಳಿದು ನನ್ನ ಕಾರಿನದನ್ನೇ ಎಳೆದು ನೋಡಿ ಬಂದೆ. ಗೆರೆಯಿಲ್ಲ, ಆದರೆ ಹಿಂದಿನ ಸೀಟಿನ ಬೆಲ್ಟಿನೊಳಗೆ ಒಂದು ಚಾಕೊಲೇಟ್ ಕಾಗದ ಸಿಕ್ಕಿತು.

ಆಟೋಮ್ಯಾಟಿಕ್ ಭಕ್ತ

ಗೇರ್ ಇಲ್ಲದ ಕಾರು ಕೊಡಿಸಿ. ಹೊಸಬರ ಗಮನದಲ್ಲಿ ಅರ್ಧ ಕ್ಲಚ್ ಮೇಲಿರುತ್ತದೆ, ಉಳಿದರ್ಧ ಮಾತ್ರ ರಸ್ತೆಯ ಮೇಲೆ.

ಸ್ಪ್ಯಾನರ್ ಹಿಡಿದವನು

ಮಾತು ಸುಳ್ಳಲ್ಲ, ಆದರೆ ಈ ಬೆಲೆಗೆ ಸಿಗುವುದು ಬಹುಪಾಲು ಎಎಂಟಿ, ಅಂದರೆ ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವಂಥದ್ದು. ಮೇಲ್ಸೇತುವೆಯ ಏರಿನಲ್ಲಿ ಬ್ರೇಕ್ ಬಿಟ್ಟರೆ ಹಿಂದಕ್ಕೆ ಜಾರುತ್ತದೆ, ಹಿಂದೆ ಬೈಕಿನವರು ಬಂಪರಿಗೆ ಮೂಗು ತಾಗಿಸಿ ನಿಂತಿರುತ್ತಾರೆ. ಇನ್ನೊಂದು ಬಗೆಯ ಆಟೋಮ್ಯಾಟಿಕ್ ಆದ ಡ್ಯುಯಲ್ ಕ್ಲಚ್‌ನ ಹಳೆಯ ಗೇರ್ ಪೆಟ್ಟಿಗೆ ಕೆಟ್ಟರೆ ಕಾರಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಡ್ರೈವಿಂಗ್ ಸ್ಕೂಲಿನಲ್ಲಿ ಗೇರ್ ಕಲಿತಿದ್ದಾಳಲ್ಲ, ಗೇರೇ ಇರಲಿ.

ರಾಜಧಾನಿ ಎಕ್ಸ್‌ಪ್ರೆಸ್

ದೆಹಲಿ ನೋಂದಣಿಯ ಡೀಸೆಲ್ ಕಾರುಗಳು ಅರ್ಧ ಬೆಲೆಗೆ ಬರುತ್ತಿವೆಯಲ್ಲ, ಈ ಬಜೆಟ್ಟಿಗೆ ಸೆಡಾನೇ ಸಿಗುತ್ತದೆ.

ವಿಮೆ ಲೆಕ್ಕ

ಅಲ್ಲಿ ಹತ್ತು ವರ್ಷ ದಾಟುವ ಡೀಸೆಲ್ ಕಾರಿಗೆ ನಿರ್ಬಂಧ ಬಂದದ್ದರಿಂದಲೇ ಅವು ಅಗ್ಗ. ಬೇರೆ ರಾಜ್ಯದ ಕಾರನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಆಗಬೇಕು, ಅಲ್ಲಿಂದ ಎನ್‌ಒಸಿ ತರಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಆರ್‌ಟಿಒ ಬಾಗಿಲಲ್ಲಿ ನಿಂತು ಕಲಿಯುವುದು ಬೇರೆ ವಿದ್ಯೆ, ಮಗು ಡ್ರೈವಿಂಗ್ ಕಲಿಯಲಿ.

ಕೆಎ ನೋಂದಣಿಯದೇ ಇರಲಿ. ಕಾಗದದ ವಿಷಯದಲ್ಲಿ ನಮ್ಮ ಜನ ಜಾರುವ ಜಾಗಗಳು ನಾಲ್ಕೈದೇ. ಸಾಲವಿದ್ದ ಕಾರಾದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35 ಸಲ್ಲಿಸಿ ಆರ್‌ಸಿಯಿಂದ ಹೈಪಾಥಿಕೇಷನ್ (ಸಾಲದ ಅಡಮಾನದ ನಮೂದು) ತೆಗೆಸಿರಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಹೆಸರು ವರ್ಗಾಯಿಸಿಕೊಳ್ಳಿ, "ಆಮೇಲೆ ಮಾಡಿಸೋಣ" ಎನ್ನುವ ಬ್ರೋಕರನ್ನು ನಂಬಬೇಡಿ. ಹಳೆಯ ಟ್ರಾಫಿಕ್ ದಂಡಗಳನ್ನು ಅವರಿಂದಲೇ ಕಟ್ಟಿಸಿ. 2019ರ ಏಪ್ರಿಲ್‌ಗಿಂತ ಹಿಂದಿನ ಕಾರಾದರೆ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ ನಂಬರ್) ಫಲಕ ಹಾಕಿಸಿದ್ದಾರೆಯೇ ನೋಡಿ. ಹದಿನಾಲ್ಕು ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಬೇಕು. "ಐವತ್ತು ಪರ್ಸೆಂಟ್ ನೋ ಕ್ಲೈಮ್ ಬೋನಸ್ ಇದೆ" ಎಂದು ಬೆಲೆ ಏರಿಸಿದರೆ ನಕ್ಕುಬಿಡಿ, ವಿಮೆಯ ಹಣ ಕೇಳದ ವರ್ಷಗಳಿಗೆ ಸಿಗುವ ಆ ರಿಯಾಯಿತಿ ಕಾರಿನದಲ್ಲ, ಆ ಮಾಲೀಕರದು, ಅವರ ಜೊತೆಗೇ ಹೋಗುತ್ತದೆ.

ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ವಿಮೆಯಲ್ಲಿರುವ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ನೋಂದಾಯಿತ ಮಾಲೀಕರು ಓಡಿಸುವಾಗ ಮಾತ್ರ. ಕಾರು ಅಪ್ಪನ ಹೆಸರಿನಲ್ಲಿದ್ದು ಮಗಳು ಓಡಿಸುತ್ತಿದ್ದರೆ ಅದು ಅವಳಿಗೆ ಸಿಗುವುದಿಲ್ಲ. ಅವಳ ಹೆಸರಿಗೇ ಕೊಳ್ಳಿ, ಇಲ್ಲವಾದರೆ ಅವಳಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ. ಅವಳ ಹೆಸರಿನಲ್ಲಿದ್ದರೆ ಆ ರಕ್ಷಣೆಗೆ ಡಿಎಲ್ ಇರಲೇಬೇಕು.

ಕತ್ರಿಗುಪ್ಪೆ ವಾಸಿಯ ಮಗಳು

ಅಪ್ಪ ಕೇಳಿದ ಪ್ರಶ್ನೆಗೆ ಇಷ್ಟು ಜನ ಉತ್ತರಿಸಿದ್ದಕ್ಕೆ ಧನ್ಯವಾದಗಳು. ಕಾರಿನಲ್ಲಿ ಕೂರುವವಳು ನಾನಾದ್ದರಿಂದ ನನ್ನದೂ ಒಂದು ಮಾತು.

ನನ್ನ ಎತ್ತರ ಐದು ಅಡಿ. ಮಾವನ ಆಲ್ಟೋದಲ್ಲಿ ಕ್ಲಚ್ಚನ್ನು ನೆಲ ಮುಟ್ಟಿಸಬೇಕಾದರೆ ಸೀಟನ್ನು ಪೂರ್ತಿ ಮುಂದೆ ಎಳೆಯಬೇಕು, ಆಗ ಸ್ಟಿಯರಿಂಗ್ ಎದೆಗೆ ತಾಗುವಷ್ಟು ಹತ್ತಿರ ಬರುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಎದೆಗೂ ಸ್ಟಿಯರಿಂಗಿಗೂ ಕನಿಷ್ಠ ಇಪ್ಪತ್ತೈದು ಸೆಂಟಿಮೀಟರ್ ಅಂತರವಿರಬೇಕು ಎಂದು ಓದಿದ್ದೇನೆ, ಇಲ್ಲವಾದರೆ ತೆರೆದುಕೊಳ್ಳುವ ಏರ್‌ಬ್ಯಾಗೇ ಹೊಡೆಯುತ್ತದೆ. ಹಾಗಾಗಿ ನನಗೆ ನಕ್ಷತ್ರದ ಜೊತೆಗೆ ಎತ್ತರ ಹೊಂದಿಸುವ ಸೀಟು ಬೇಕು. ಇನ್ನೊಂದು, ಬಲಕ್ಕೆ ತಿರುಗುವಾಗ ಕೆಲವು ಕಾರುಗಳಲ್ಲಿ ಗಾಜಿನ ಪಕ್ಕದ ಕಂಬ ಎಷ್ಟು ದಪ್ಪವಿರುತ್ತದೆಯೆಂದರೆ ಅದರ ಹಿಂದೆ ಒಂದು ಸ್ಕೂಟರ್ ಪೂರ್ತಿ ಅಡಗುತ್ತದೆ. ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಿದವರಿಗೆ ಇದು ಗೊತ್ತಿರುತ್ತದೆ. ಅಪ್ಪ, ನನ್ನನ್ನು ಕರೆದುಕೊಂಡು ಹೋಗದೆ ಯಾವ ಕಾರಿಗೂ ಮುಂಗಡ ಕೊಡಬೇಡಿ.

ಎಚ್‌ಎಸ್‌ಆರ್ ಏಳನೇ ಸೆಕ್ಟರ್

ಇಲ್ಲಿಯವರೆಗಿನ ಅತ್ಯುತ್ತಮ ಉತ್ತರ ಇದೇ. ಮಗೂ, ಇನ್ನೊಂದು ನೆನಪಿಟ್ಟುಕೋ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿನಲ್ಲಿ ಕಾರು ಸಿಲುಕಿ ಒಬ್ಬ ಯುವತಿಯ ಜೀವ ಹೋಯಿತು. ನೀರು ನಿಂತ ಅಂಡರ್‌ಪಾಸಿಗೆ ಯಾವ ಕಾರನ್ನೂ ಇಳಿಸಬೇಡ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ.

ಕತ್ರಿಗುಪ್ಪೆ ವಾಸಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎರಡು ಭಾನುವಾರಗಳಲ್ಲಿ ಐದು ಕಾರು ನೋಡಿದೆವು. ಒಂದರ ಸೀಟ್ ಬೆಲ್ಟನ್ನು ಮಗಳು ಸದ್ದಿಲ್ಲದೆ ಪೂರ್ತಿ ಎಳೆದಳು. ಎಚ್‌ಎಸ್‌ಆರ್‌ನವರು ಹೇಳಿದ ಅದೇ ಕೆಮ್ಮಣ್ಣಿನ ಗೆರೆ. ಮಾರುವವರು "ಅದು ಹೋಳಿ ಬಣ್ಣ" ಎಂದರು. ಇನ್ನೊಂದರ ಬೀಡಿಂಗ್ ಕೀಳಲು ಬಿಡಲೇ ಇಲ್ಲ.

ಕೊನೆಗೆ ಜಯನಗರದ ನಿವೃತ್ತ ದಂಪತಿಯಿಂದ 2017ರ ಪೋಲೋ ಪೆಟ್ರೋಲ್ ಕೊಂಡೆವು, ನಾಲ್ಕು ಲಕ್ಷದ ಮೂವತ್ತು ಸಾವಿರಕ್ಕೆ. ಒಬ್ಬರೇ ಮಾಲೀಕರು, ಎರಡು ಏರ್‌ಬ್ಯಾಗ್, ಎಬಿಎಸ್, ಎತ್ತಿ ಇಳಿಸುವ ಸೀಟು, ಸರ್ವಿಸ್ ಕಾಗದಗಳೆಲ್ಲ ದಾರ ಕಟ್ಟಿಟ್ಟ ಫೈಲಿನಲ್ಲಿ. ಸ್ಕ್ಯಾನರಿನಲ್ಲಿ ಏನೂ ಬರಲಿಲ್ಲ. ಟೈರುಗಳು ಮಾತ್ರ ಆರು ವರ್ಷದವು, ಬದಲಾಯಿಸಿದೆ. ಸ್ಪೇರ್ ಪಾರ್ಟ್ಸ್ ದುಬಾರಿ ಎಂದು ಎಲ್ಲರೂ ಎಚ್ಚರಿಸಿದ್ದಾರೆ, ತಿಳಿದೇ ಕೊಂಡಿದ್ದೇನೆ. ಡಿಎಲ್ ಬಂತು, ಕಾರನ್ನು ಮಗಳ ಹೆಸರಿಗೇ ಮಾಡಿಸಿದೆ.

ಮೊನ್ನೆ ಭಾನುವಾರ ಕಾರು ತೋರಿಸಲೆಂದು ಭಾವಮೈದುನನ ಮನೆಗೆ ಹೋದೆವು. ಅವನ ಕಾಂಪೌಂಡಿನೊಳಗೆ ರಿವರ್ಸ್ ತೆಗೆಯುವಾಗ ಹಿಂದಿನ ಎಡ ಬಾಗಿಲು ಗೇಟಿನ ಕಂಬಕ್ಕೆ ಉಜ್ಜಿತು, ಒಂದು ಮೊಳ ಉದ್ದ. ಅವನು ಏನೂ ಹೇಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಟಿಂಕರಿಂಗ್‌ಗೆ ಎಷ್ಟಾಗಬಹುದು?

ಸ್ಪ್ಯಾನರ್ ಹಿಡಿದವನು

ತಗಡು ಕಾಣುತ್ತಿದ್ದರೆ ತುಕ್ಕು ಹಿಡಿಯದಂತೆ ಅಲ್ಲಿಗೆ ಮಾತ್ರ ಟಚ್‌ಅಪ್ ಹಚ್ಚಿ ಬಿಡಿ. ಪೂರ್ತಿ ಕೆಲಸ ಈಗಲೇ ಮಾಡಿಸಬೇಡಿ ಸರ್, ಒಂದು ವರ್ಷ ಕಳೆಯಲಿ. ಉಳಿದ ಮೂರು ಬಾಗಿಲುಗಳನ್ನೂ ಸೇರಿಸಿ ಒಂದೇ ಸಲ ಮಾಡಿಸಿದರೆ ಪೇಂಟಿಂಗ್ ಖರ್ಚು ಉಳಿಯುತ್ತದೆ.